ಪುಣೆ ಅನ್ನೋ ಹೆಸರೇನು ಬಾಡಿಗೆ ಸೈಕಲ್ಲಾ?

ಮೊದಲು ಒಂದು ಸಣ್ಣ ಲೆಕ್ಕ. ಐಪಿಎಲ್ ಶುರುವಾದದ್ದು 2008ರಲ್ಲಿ. ಅಲ್ಲಿಂದ ಇಲ್ಲಿಯವರೆಗೆ ಪುಣೆಯ ಹೆಸರು ಹೊತ್ತ ತಂಡ ಕಣದಲ್ಲಿದ್ದದ್ದು 2011, 2012, 2013, ಆಮೇಲೆ 2016, 2017. ಐದೇ ಹಂಗಾಮು. ಅದೂ ಒಂದು ತಂಡವಲ್ಲ, ಎರಡು. ಇಬ್ಬರು ಮಾಲೀಕರು. ನಾಯಕರ ಹೆಸರು ಎಣಿಸೋಕೆ ಒಂದು ಕೈಯ ಬೆರಳು ಸಾಲೋದಿಲ್ಲ: ಯುವರಾಜ್, ಗಂಗೂಲಿ, ಮ್ಯಾಥ್ಯೂಸ್, ಫಿಂಚ್, ಧೋನಿ, ಸ್ಮಿತ್. ಐದು ವರ್ಷಕ್ಕೆ ಆರು ಜನ! ಕಪ್ಪು ಸೊನ್ನೆ. ಇವತ್ತು ಆ ಎರಡೂ ತಂಡ ಇಲ್ಲ.

"ಅದಕ್ಕೇನೀಗ? ಕಂಪನಿ ಬಂತು, ಕಂಪನಿ ಹೋಯ್ತು" ಅನ್ನುವವರು ಇದ್ದಾರೆ. ನನ್ನ ತಕರಾರು ಇರುವುದು ಅವರ ಜೊತೆಗೇ. ಕಂಪನಿ ಬರಲಿ, ಹೋಗಲಿ, ಅದು ಅವರ ವ್ಯವಹಾರ. ಆದರೆ ಬರುವಾಗ ಅವರು ಎದೆಯ ಮೇಲೆ ಬರೆದುಕೊಂಡು ಬಂದದ್ದು ತಮ್ಮ ಹೆಸರೊಂದನ್ನೇ ಅಲ್ಲ, ಊರಿನ ಹೆಸರನ್ನೂ. ಆ ಹೆಸರನ್ನು ಅವರಿಗೆ ಕೊಟ್ಟವರು ಯಾರು? ಯಾವ ಕರಾರಿನ ಮೇಲೆ ಕೊಟ್ಟರು? ಹೋಗುವಾಗ ವಾಪಸ್ ಇಟ್ಟು ಹೋದರೋ ಇಲ್ಲವೋ? ಈ ಮೂರು ಪ್ರಶ್ನೆಯನ್ನು ಈ ಊರಿನಲ್ಲಿ ಯಾರೂ ಗಟ್ಟಿಯಾಗಿ ಕೇಳಲಿಲ್ಲ ಅನ್ನೋದೇ ನನ್ನ ಸಿಟ್ಟು.

ನಾನು ಧಾರವಾಡ ಕಡೆಯವನು. ಪಿಂಪ್ರಿ-ಚಿಂಚವಡದ ಕಾರ್ಖಾನೆಯ ಕೆಲಸಕ್ಕೆ ಅಂತ 1988ರಲ್ಲಿ ಬಂದು ಇಲ್ಲೇ ಬೇರು ಬಿಟ್ಟೆ. ಹಾಗಾಗಿ ಇದನ್ನು ಪುಣೇಕರನಾಗಿಯೂ ಬರೀತಿದ್ದೇನೆ, ಹೊರಗಿನಿಂದ ಬಂದವನಾಗಿಯೂ ಬರೀತಿದ್ದೇನೆ. ಎರಡೂ ಯಾಕೆ ಮುಖ್ಯ ಅಂತ ಮುಂದೆ ಗೊತ್ತಾಗುತ್ತೆ.

ಮೊದಲನೇ ತಂಡದ ಕತೆ ನೋಡೋಣ. 2010ರ ಮಾರ್ಚ್ 21ರಂದು ಚೆನ್ನೈಯಲ್ಲಿ ಎರಡು ಹೊಸ ತಂಡಗಳ ಹರಾಜು. ಕೊಳ್ಳುವವರ ಮುಂದೆ ಊರುಗಳ ಪಟ್ಟಿ, ಹೋಟೆಲಿನ ಮೆನು ಕಾರ್ಡಿನ ಹಾಗೆ. ಸಹಾರಾ ಸಂಸ್ಥೆ 37 ಕೋಟಿ ಡಾಲರ್, ಅಂದರೆ ಆಗಿನ ಲೆಕ್ಕದಲ್ಲಿ 1,702 ಕೋಟಿ ರೂಪಾಯಿ ಕೂಗಿ ಪುಣೆಯನ್ನು ಕೊಂಡುಕೊಂಡಿತು. 2008ರ ಹರಾಜಿನಲ್ಲಿ ಎಲ್ಲಕ್ಕಿಂತ ದುಬಾರಿಯಾಗಿದ್ದ ಮುಂಬೈ ತಂಡಕ್ಕೆ ಬಿದ್ದದ್ದು 11.19 ಕೋಟಿ ಡಾಲರ್. ಎರಡೇ ವರ್ಷದಲ್ಲಿ ಪುಣೆಯ ಬೆಲೆ ಮುಂಬೈಯ ಮೂರು ಪಟ್ಟಿಗಿಂತ ಜಾಸ್ತಿ! ಆವತ್ತು ಇಲ್ಲಿನ ಮಂದಿ ಮುಂಬೈಯವರ ಮುಂದೆ ಮೀಸೆ ತಿರುವಿದ್ದೇ ತಿರುವಿದ್ದು. ಆ ದುಡ್ಡು ಹೋದದ್ದು ಕ್ರಿಕೆಟ್ ಮಂಡಳಿಗೆ. ಮಾರಾಟವಾದ ಊರಿನ ಪಾಲಿಕೆಯನ್ನಾಗಲಿ, ಊರಿನ ಕ್ಲಬ್ಬುಗಳನ್ನಾಗಲಿ ಆ ಹರಾಜಿನ ಕೋಣೆಯೊಳಗೆ ಕರೆದವರಿಲ್ಲ.

ಸರಿ, ಪುಣೆ ವಾರಿಯರ್ಸ್ ಇಂಡಿಯಾ ಅಂತ ಹೆಸರಾಯಿತು. 2011ರ ಮೊದಲ ಹಂಗಾಮಿನಲ್ಲಿ ಅವರ ತವರು ಪಂದ್ಯಗಳು ನಡೆದದ್ದು ಎಲ್ಲಿ ಗೊತ್ತಾ? ನವಿ ಮುಂಬೈಯ ಡಿ.ವೈ. ಪಾಟೀಲ್ ಕ್ರೀಡಾಂಗಣದಲ್ಲಿ. ಗಹುಂಜೆಯ ಹೊಸ ಕ್ರೀಡಾಂಗಣ ಇನ್ನೂ ತಯಾರಾಗಿರಲಿಲ್ಲ. ತವರು ಮನೆಯೇ ಘಾಟಿನ ಕೆಳಗೆ! ಪುಣೆಯವರು ಪುಣೆ ತಂಡವನ್ನು ನೋಡಬೇಕೆಂದರೆ ಖಂಡಾಳಾ ಘಾಟ್ ಇಳಿದು ಹೋಗಬೇಕಿತ್ತು. ಹತ್ತು ತಂಡಗಳಲ್ಲಿ ಒಂಬತ್ತನೇ ಸ್ಥಾನ ಬಂತು.

2012ರ ಏಪ್ರಿಲ್ 1ರಂದು ಗಹುಂಜೆ ಕ್ರೀಡಾಂಗಣ ಉದ್ಘಾಟನೆಯಾಯಿತು. (ದಿನಾಂಕ ನನ್ನ ಆಯ್ಕೆಯಲ್ಲ, ಮೂರ್ಖರ ದಿನದಂದೇ ಮಾಡಿದರು.) ಅದಕ್ಕಿಟ್ಟ ಹೆಸರು ಸುಬ್ರತ ರಾಯ್ ಸಹಾರಾ ಕ್ರೀಡಾಂಗಣ. ದೇವಧರ ಅಲ್ಲ, ನಿಂಬಾಳ್ಕರ್ ಅಲ್ಲ, ದುಡ್ಡು ಕೊಡ್ತೀನಿ ಅಂದವರ ಹೆಸರು. ಒಪ್ಪಿದ ದುಡ್ಡು ಪೂರ್ತಿ ಬರಲಿಲ್ಲ, 2013ರಲ್ಲಿ ಮಹಾರಾಷ್ಟ್ರ ಕ್ರಿಕೆಟ್ ಸಂಸ್ಥೆಯವರೇ ಆ ಹೆಸರನ್ನು ಮುಚ್ಚಿದರು. ತಂಡದ ಕತೆಯೂ ಹಾಗೇ ಆಯಿತು. 94 ಪಂದ್ಯಗಳ ಲೆಕ್ಕದಲ್ಲಿ ನಾವು ಬೆಲೆ ಕೂಗಿದ್ದು, ಆಡಿಸಿದ್ದು 74, ಆದ್ದರಿಂದ ಶುಲ್ಕ ಇಳಿಸಿ ಅಂತ ಸಹಾರಾ ವಾದ. ಇಳಿಸೋದಿಲ್ಲ ಅಂತ ಮಂಡಳಿ. ಕೊನೆಗೆ ಮಂಡಳಿ ಬ್ಯಾಂಕ್ ಗ್ಯಾರಂಟಿಯನ್ನು ನಗದು ಮಾಡಿಕೊಂಡಿತು. 2013ರ ಮೇ 21ರಂದು ಸಹಾರಾ ಐಪಿಎಲ್‌ನಿಂದಲೇ ಹೊರನಡೆಯಿತು. ಅಕ್ಟೋಬರಿನಲ್ಲಿ ಮಂಡಳಿ ತಂಡವನ್ನು ಅಧಿಕೃತವಾಗಿ ರದ್ದು ಮಾಡಿತು. ಮೂರು ವರ್ಷದಲ್ಲಿ 46 ಪಂದ್ಯ, 12 ಗೆಲುವು.

ಇಬ್ಬರ ಜಗಳದಲ್ಲಿ ಯಾರದು ಸರಿ ಅನ್ನೋದು ವಕೀಲರಿಗೆ ಬಿಟ್ಟದ್ದು. ನಾನು ಹೇಳುವುದು ಬೇರೆ. ಆ ಜಗಳದ ಕಾಗದಪತ್ರಗಳಲ್ಲಿ ಎರಡೇ ಪಕ್ಷ: ಕೊಟ್ಟವರು ಮತ್ತು ಕೊಂಡವರು. ಯಾವ ಹೆಸರನ್ನು ಕೊಟ್ಟು-ಕೊಂಡರೋ ಆ ಊರು ಕಕ್ಷಿದಾರನೇ ಅಲ್ಲ!

ಈಗ ಎರಡನೆಯದು. 2015ರ ಜುಲೈನಲ್ಲಿ ಲೋಧಾ ಸಮಿತಿ ಚೆನ್ನೈ ಮತ್ತು ರಾಜಸ್ಥಾನ ತಂಡಗಳನ್ನು ಎರಡು ವರ್ಷ ಅಮಾನತು ಮಾಡಿತು. ಖಾಲಿಯಾದ ಎರಡು ಜಾಗ ತುಂಬಲು ಎರಡೇ ವರ್ಷದ ಗುತ್ತಿಗೆಯ ಮೇಲೆ ಹೊಸ ತಂಡ ಬೇಕಾಯಿತು. ಡಿಸೆಂಬರ್ 8ರಂದು ಉಲ್ಟಾ ಹರಾಜು ನಡೆಯಿತು. ಸಂಜೀವ್ ಗೋಯೆಂಕಾ ಅವರ ನ್ಯೂ ರೈಸಿಂಗ್ ಸಂಸ್ಥೆ ಮೈನಸ್ 16 ಕೋಟಿ ಕೂಗಿತು. ಅಂದರೆ ಮಂಡಳಿಯಿಂದ ಏನೂ ಬೇಡ, ವರ್ಷಕ್ಕೆ 16 ಕೋಟಿ ನಾವೇ ಕೊಡ್ತೀವಿ ಅಂತ. ಅವರು ಆರಿಸಿಕೊಂಡ ಊರು ಪುಣೆ. ಇನ್ನೊಂದು ತಂಡ ರಾಜಕೋಟ್‌ಗೆ ಹೋಯಿತು. ಗಾಡಿ ಪಂಕ್ಚರ್ ಆದಾಗ ಸ್ಟೆಪ್ನಿ ಹಾಕ್ತೀವಲ್ಲ, ಹಾಗೆ. ಮೂಲ ಚಕ್ರ ರಿಪೇರಿಯಾಗಿ ಬಂದ ದಿನ ಸ್ಟೆಪ್ನಿ ಮತ್ತೆ ಡಿಕ್ಕಿಗೆ. ಪುಣೆಯನ್ನು ಸ್ಟೆಪ್ನಿ ಮಾಡ್ತಾ ಇದ್ದಾರೆ ಅಂತ ಮೊದಲ ದಿನವೇ ಕಾಗದದಲ್ಲಿ ಬರೆದಿತ್ತು. ಆದರೂ ಢೋಲ್-ತಾಶಾ ಹೊಡೆದು ಸ್ವಾಗತ ಮಾಡಿದ್ದೇ ಮಾಡಿದ್ದು.

2016ರಲ್ಲಿ ಮಹಾರಾಷ್ಟ್ರದಲ್ಲಿ ಭೀಕರ ಬರ. ಲಾತೂರಿಗೆ ಮಿರಜದಿಂದ ರೈಲಿನಲ್ಲಿ ಕುಡಿಯುವ ನೀರು ಸಾಗಿಸಿದ ವರ್ಷ ಅದು. ಏಪ್ರಿಲ್ 30ರ ನಂತರದ ಪಂದ್ಯಗಳನ್ನು ರಾಜ್ಯದಿಂದ ಹೊರಗೆ ಆಡಿಸಿ ಅಂತ ಬಾಂಬೆ ಹೈಕೋರ್ಟ್ ಆದೇಶಿಸಿತು. ನ್ಯಾಯವಾದ ಮಾತೇ, ನೀರು ಮೊದಲು, ಆಟ ಆಮೇಲೆ. ಆದರೆ ಆಮೇಲೇನಾಯಿತು ನೋಡಿ. ಪುಣೆ ತಂಡದ ಉಳಿದ ತವರು ಪಂದ್ಯಗಳು ವಿಶಾಖಪಟ್ಟಣಕ್ಕೆ ಹೋದವು. ಯಾರೂ ಗೋಳಾಡಲಿಲ್ಲ, ತಂಡಕ್ಕೆ ಕಷ್ಟವೂ ಆಗಲಿಲ್ಲ. ಬೇರಿದ್ದ ಗಿಡವನ್ನು ಕಿತ್ತರೆ ಮಣ್ಣು ಬರುತ್ತೆ. ಕುಂಡದ ಗಿಡವನ್ನು ಎತ್ತಿ ಪಕ್ಕದ ಮನೆಗೆ ಇಡೋಕೆ ಎಷ್ಟು ಹೊತ್ತು?

2017ಕ್ಕೆ ಹೆಸರಿನ ಕೊನೆಯ 'ಸ್' ಕಿತ್ತರು. ಸೂಪರ್‌ಜೈಂಟ್ಸ್ ಹೋಗಿ ಸೂಪರ್‌ಜೈಂಟ್ ಆಯಿತು. ಧೋನಿಯ ನಾಯಕತ್ವ ಕಿತ್ತು ಸ್ಮಿತ್‌ಗೆ ಕೊಟ್ಟರು. ಬೆನ್ ಸ್ಟೋಕ್ಸ್‌ಗೆ 14.5 ಕೋಟಿ ಸುರಿದರು. ಆದರೆ ಆ ವರ್ಷ ನಿಜವಾಗಿ ಮನಸ್ಸು ಗೆದ್ದವನು ಕೇವಲ 10 ಲಕ್ಷಕ್ಕೆ ಸಿಕ್ಕಿದ್ದ ಮಹಾರಾಷ್ಟ್ರದ ರಾಹುಲ್ ತ್ರಿಪಾಠಿ. ಕೋಲ್ಕತಾ ವಿರುದ್ಧ 52 ಚೆಂಡಿಗೆ 93 ಹೊಡೆದ. ತಂಡ ಫೈನಲ್ ತಲುಪಿತು. 2017ರ ಮೇ 21, ಹೈದರಾಬಾದ್. ಮುಂಬೈ 129, ಪುಣೆ 128. ಒಂದು ರನ್ನಿನ ಸೋಲು. ಸಹಾರಾ ಗಂಟುಮೂಟೆ ಕಟ್ಟಿದ್ದು ಕೂಡ ಮೇ 21, ನಾಲ್ಕು ವರ್ಷ ಹಿಂದೆ. ಆ ರಾತ್ರಿಯೇ ಪುಣೆ ತಂಡದ ಆಯುಷ್ಯ ಮುಗಿಯಿತು. ಬೇರೆ ಊರಿನವರು ಸೋತರೆ "ಮುಂದಿನ ವರ್ಷ ನೋಡ್ಕೋತೀವಿ" ಅಂತಾರೆ. ಪುಣೆಯವರಿಗೆ ಆ ಮಾತು ಹೇಳುವ ಭಾಗ್ಯವೂ ಇರಲಿಲ್ಲ.

ಇನ್ನೊಂದು ತಮಾಷೆ ಬಾಕಿ ಇದೆ. ಗೋಯೆಂಕಾ ಅವರು 2021ರ ಅಕ್ಟೋಬರಿನಲ್ಲಿ 7,090 ಕೋಟಿ ಕೊಟ್ಟು ಲಖನೌ ತಂಡ ಕೊಂಡರು. ಹೆಸರೇನಿಟ್ಟರು? ಲಖನೌ ಸೂಪರ್ ಜೈಂಟ್ಸ್. ಕಿತ್ತಿದ್ದ 'ಸ್' ಕೂಡ ವಾಪಸ್ ಬಂತು! ಬದಲಾದದ್ದು ಊರಿನ ಹೆಸರು ಮಾತ್ರ. ಅಂದರೆ 'ಸೂಪರ್ ಜೈಂಟ್ಸ್' ಶಾಶ್ವತ, 'ಪುಣೆ' ತಾತ್ಕಾಲಿಕ. ಕೋವಿಡ್ ಕಾರಣಕ್ಕೆ 2022ರ ಲೀಗ್ ಪಂದ್ಯಗಳೆಲ್ಲ ಮುಂಬೈ ಮತ್ತು ಪುಣೆಯಲ್ಲೇ ನಡೆದಾಗ ಅದೇ ಲಖನೌ ತಂಡ ಬಂದು ಗಹುಂಜೆಯಲ್ಲಿ ಆಡಿ ಹೋಯಿತು.

ನಡುವೆ 2018ರ ಪ್ರಸಂಗವೊಂದಿದೆ, ಕನ್ನಡಿಗರಿಗೆ ಹೇಳಲೇಬೇಕು. ಕಾವೇರಿ ನಿರ್ವಹಣಾ ಮಂಡಳಿ ರಚಿಸಿ ಅಂತ ತಮಿಳುನಾಡಿನಲ್ಲಿ ಹೋರಾಟ ಜೋರಾಗಿತ್ತು. ಏಪ್ರಿಲ್ 10ರಂದು ಚೆಪಾಕ್ ಪಂದ್ಯದ ವೇಳೆ ಪ್ರತಿಭಟನೆ, ಮೈದಾನಕ್ಕೆ ಬೂಟು ಎಸೆದರು. ಚೆನ್ನೈಯ ಉಳಿದ ತವರು ಪಂದ್ಯಗಳೆಲ್ಲ ಎಲ್ಲಿಗೆ ಬಂದವು? ಪುಣೆಗೆ. ಸುಮಾರು ಸಾವಿರ ಅಭಿಮಾನಿಗಳು ವಿಶೇಷ ರೈಲಿನಲ್ಲಿ ಚೆನ್ನೈಯಿಂದ ಇಲ್ಲಿಗೆ ಬಂದರು. ಗಹುಂಜೆ ಪೂರ್ತಿ ಹಳದಿ. ಇಲ್ಲಿನ ಕನ್ನಡ ಸಂಘ ನಡೆಸುವ ಶಾಲೆ-ಕಾಲೇಜುಗಳಿಗೆ ಕಾವೇರಿ ಅಂತ ಹೆಸರು. ಅದೇ ಕಾವೇರಿಯ ಜಗಳದಿಂದ ಚೆನ್ನೈ ತಂಡ ಪುಣೆಯಲ್ಲಿ ಬಿಡಾರ ಹೂಡಿತು! ಆ ವರ್ಷ ಅವರು ಕಪ್ಪನ್ನೂ ಗೆದ್ದರು. ಚೆನ್ನೈಯವರ ಮೇಲೆ ನನಗೆ ಕೋಪವಿಲ್ಲ, ಅಸೂಯೆ ಇದೆ. ಎರಡು ವರ್ಷ ಅಮಾನತಾದರೂ, ಊರು ಬಿಟ್ಟು ಆಡಬೇಕಾಗಿ ಬಂದರೂ ಅವರ ಮಂದಿ ರೈಲು ಹತ್ತಿ ಹಿಂದೆ ಬಂದರು. ಪುಣೆ ತಂಡ ಆಡಿದ್ದು ಇನ್ನಷ್ಟು ವರ್ಷ ಉಳಿದಿದ್ದರೆ ನಮ್ಮ ಮಂದಿಯೂ ಹತ್ತುತ್ತಿದ್ದರೋ ಏನೋ. ಅಭಿಮಾನ ಬೆಳೆಯೋಕೆ ಸಮಯ ಬೇಕು, ಅದನ್ನೇ ಕೊಡಲಿಲ್ಲ.

"ಅಲ್ರೀ, ಪುಣೆಯವರಿಗೆ ಕ್ರಿಕೆಟ್ ಹುಚ್ಚು ಇರಲಿಲ್ಲ, ಅದಕ್ಕೇ ತಂಡ ನಿಲ್ಲಲಿಲ್ಲ" ಅಂತ ಒಬ್ಬರು ನನಗೆ ವಾದಿಸಿದರು. ಇದು ಶುದ್ಧ ಅಜ್ಞಾನ. ಪುಣೆಯ ಆಟದ ಇತಿಹಾಸ ಐಪಿಎಲ್‌ಗಿಂತ ನೂರು ವರ್ಷ ಹಳೆಯದು. ಎಸ್.ಪಿ. ಕಾಲೇಜಿನಲ್ಲಿ ಸಂಸ್ಕೃತ ಪಾಠ ಮಾಡುತ್ತಿದ್ದ ಪ್ರೊ. ಡಿ.ಬಿ. ದೇವಧರ ಅವರ ನಾಯಕತ್ವದಲ್ಲಿ ಮಹಾರಾಷ್ಟ್ರ ತಂಡ 1939-40 ಮತ್ತು 1940-41ರಲ್ಲಿ ಸತತ ಎರಡು ಸಲ ರಣಜಿ ಟ್ರೋಫಿ ಗೆದ್ದಿತು. 1948ರ ಡಿಸೆಂಬರಿನಲ್ಲಿ ಪೂನಾ ಕ್ಲಬ್ ಮೈದಾನದಲ್ಲಿ ಭಾವುಸಾಹೇಬ್ ನಿಂಬಾಳ್ಕರ್ ಕಾಠಿಯಾವಾಡದ ವಿರುದ್ಧ ಔಟಾಗದೆ 443 ಹೊಡೆದರು. ಬ್ರಾಡ್ಮನ್ನರ ಅಂದಿನ ವಿಶ್ವದಾಖಲೆ 452ಕ್ಕೆ ಒಂಬತ್ತೇ ರನ್ ಕಡಿಮೆ ಇದ್ದಾಗ ಎದುರಾಳಿ ತಂಡ ಆಟ ಬಿಟ್ಟು ಹೊರಟುಹೋಯಿತು. 1996ರ ವಿಶ್ವಕಪ್ಪಿನಲ್ಲಿ ಕೀನ್ಯಾ ವೆಸ್ಟ್ ಇಂಡೀಸನ್ನು 93ಕ್ಕೆ ಉರುಳಿಸಿದ್ದು ಇಲ್ಲೇ, ಸ್ವಾರ್‌ಗೇಟ್ ಬಳಿಯ ನೆಹರೂ ಕ್ರೀಡಾಂಗಣದಲ್ಲಿ. ಇಂಥ ಊರಿಗೆ ಕ್ರಿಕೆಟ್ ಗೊತ್ತಿಲ್ಲವಂತೆ!

ನಮ್ಮ ಧಾರವಾಡದ ಕೊಂಡಿಯೂ ಒಂದಿದೆ. ಪಾಲ್ವಂಕರ್ ಬಾಲೂ ಹುಟ್ಟಿದ್ದು ಧಾರವಾಡದಲ್ಲಿ, ಚಮ್ಮಾರ ಸಮುದಾಯದ ಮನೆಯಲ್ಲಿ. ಪುಣೆಗೆ ಬಂದು ಪೂನಾ ಕ್ಲಬ್ಬಿನಲ್ಲಿ ತಿಂಗಳಿಗೆ ನಾಲ್ಕು ರೂಪಾಯಿ ಸಂಬಳಕ್ಕೆ ಪಿಚ್ ನೋಡಿಕೊಳ್ಳುವ ಕೆಲಸ ಮಾಡಿದರು. ಇಂಗ್ಲಿಷ್ ಸಾಹೇಬರಿಗೆ ನೆಟ್ಸ್‌ನಲ್ಲಿ ಎಡಗೈ ಸ್ಪಿನ್ ಹಾಕುತ್ತ ಹಾಕುತ್ತ ಭಾರತದ ಮೊದಲ ದೊಡ್ಡ ಬೌಲರ್ ಆದರು. ಊರಿನ ಹಿಂದೂ ತಂಡಕ್ಕೆ ಯುರೋಪಿಯನ್ನರನ್ನು ಸೋಲಿಸಬೇಕಿತ್ತು, ಬಾಲೂ ಇಲ್ಲದೆ ಅದು ಸಾಧ್ಯವಿರಲಿಲ್ಲ. ತಂಡಕ್ಕೆ ಸೇರಿಸಿಕೊಂಡರು. ಮೈದಾನದಲ್ಲಿ ಎಲ್ಲರೂ ಒಂದೇ ಚೆಂಡು ಮುಟ್ಟುತ್ತಿದ್ದರು, ಚಹಾದ ಹೊತ್ತಿಗೆ ಮಾತ್ರ ಅವರಿಗೆ ಪೆವಿಲಿಯನ್ ಹೊರಗೆ ಮಣ್ಣಿನ ಕುಡಿಕೆಯಲ್ಲಿ ಚಹಾ. 1911ರ ಇಂಗ್ಲೆಂಡ್ ಪ್ರವಾಸದಲ್ಲಿ ಅದೇ ಬಾಲೂ 114 ವಿಕೆಟ್ ಕಿತ್ತರು.

ಹಳೆಯ ಕಾಲ ಚಿನ್ನದ ಕಾಲ ಅಂತ ನಾನು ಹೇಳುತ್ತಿಲ್ಲ. ಆ ಕುಡಿಕೆಯ ಚಹಾ ಈ ಊರಿನ ನಾಚಿಕೆಗೇಡು. ಆದರೆ ಅದು ಈ ಊರಿನದು. ಊರಿನ ಹೆಮ್ಮೆ, ಊರಿನ ಕೊಳಕು ಎರಡೂ ಆ ತಂಡದಲ್ಲಿ ಕಾಣುತ್ತಿತ್ತು, ಆದ್ದರಿಂದಲೇ ಅದರ ಬಗ್ಗೆ ಊರು ಜಗಳವಾಡಿತು, ನಿಧಾನಕ್ಕಾದರೂ ಬದಲಾಯಿತು. ಐದು ವರ್ಷದ ಈ ಎರಡು ತಂಡಗಳನ್ನು ನೋಡಿದರೆ ಪುಣೆಯ ಬಗ್ಗೆ ಏನು ಗೊತ್ತಾಗುತ್ತೆ? ಏನೂ ಇಲ್ಲ. ಪುಣೆಯ ಹುಡುಗ ಋತುರಾಜ್ ಗಾಯಕವಾಡ್ 2024ರಲ್ಲಿ ನಾಯಕನಾದದ್ದು ಚೆನ್ನೈಗೆ. ತಪ್ಪು ಅವನದಲ್ಲ. ಅವನು ಆಡೋಕೆ ಪುಣೆಗೆ ತಂಡವೇ ಇಲ್ಲ.

ಕ್ರಿಕೆಟ್ ಒಂದೇ ಅಲ್ಲ, ಕಾಲ್ಚೆಂಡಿನ ಕತೆ ಇನ್ನೂ ಘೋರ. ಪುಣೆ ಎಫ್‌ಸಿ 2007ರಲ್ಲಿ ಹುಟ್ಟಿತು. ಹುಡುಗರಿಗೆ ಅಕಾಡೆಮಿ ಕಟ್ಟಿತು, 2012-13ರಲ್ಲಿ ಐ-ಲೀಗಿನಲ್ಲಿ ಎರಡನೇ ಸ್ಥಾನ ಪಡೆಯಿತು, 2015ರಲ್ಲಿ ಬಾಗಿಲು ಹಾಕಿತು. ಭಾರತ್ ಎಫ್‌ಸಿ ಆಡಿದ್ದು ಒಂದೇ ಹಂಗಾಮು. ಡಿಎಸ್‌ಕೆ ಶಿವಾಜಿಯನ್ಸ್ ಐ-ಲೀಗಿನಲ್ಲಿ ಎರಡು ಹಂಗಾಮು ಆಡಿ 2017ರಲ್ಲಿ ಮುಗಿಯಿತು. ಎಫ್‌ಸಿ ಪುಣೆ ಸಿಟಿ 2014ರಲ್ಲಿ ಬಂತು, 2018ರಲ್ಲಿ ಸೆಮಿಫೈನಲ್ ತಲುಪಿ ನಮ್ಮ ಬೆಂಗಳೂರು ತಂಡಕ್ಕೆ ಸೋತಿತು, 2019ರಲ್ಲಿ ಮುಚ್ಚಿತು. ಅದರ ಜಾಗ ಹೈದರಾಬಾದಿಗೆ ಹೋಯಿತು. ಆ ಹೈದರಾಬಾದ್ ತಂಡ 2022ರಲ್ಲಿ ಕಪ್ ಗೆದ್ದಿತು, 2025ರಲ್ಲಿ ಅದೂ ಊರು ಬಿಟ್ಟು ದೆಹಲಿಗೆ ಹೋಯಿತು. ಒಂದು ಜಾಗ, ಮೂರು ಊರು, ಹನ್ನೊಂದು ವರ್ಷ. ಸರಕಾರಿ ನೌಕರನಿಗೂ ಇಷ್ಟು ವರ್ಗಾವಣೆ ಆಗೋದಿಲ್ಲ.

ಇದು ಹೊರಗಿನಿಂದ ಬಂದವರಿಗೆ ಯಾಕೆ ಇಷ್ಟು ಚುಚ್ಚುತ್ತೆ ಅಂತ ಕೇಳಿ. ಗಡಿ ಗಲಾಟೆ ಎದ್ದಾಗಲೆಲ್ಲ ಸ್ವಾರ್‌ಗೇಟಿನಲ್ಲಿ ಕರ್ನಾಟಕದ ಬಸ್ಸುಗಳಿಗೆ ಮಸಿ ಬೀಳುತ್ತೆ, 2022ರ ಡಿಸೆಂಬರಿನಲ್ಲೂ ಬಿತ್ತು. ಅಂಥ ವಾರಗಳಲ್ಲಿ ನಾವು ಬಸ್ಸಿನಲ್ಲಿ, ತರಕಾರಿ ಮಾರ್ಕೆಟ್ಟಿನಲ್ಲಿ ಕನ್ನಡವನ್ನು ಸ್ವಲ್ಪ ಮೆಲ್ಲಗೆ ಮಾತಾಡ್ತೀವಿ. ಸುಳ್ಳು ಹೇಳಿ ಏನು ಪ್ರಯೋಜನ? ಇಲ್ಲೇ ಹುಟ್ಟಿ ಬೆಳೆದ ನಮ್ಮ ಮಕ್ಕಳಿಗೆ "ನಿಮ್ಮ ಊರು ಯಾವುದು" ಅಂದರೆ ಎರಡು ಉತ್ತರ, ಎರಡೂ ಅರ್ಧ. ಊರಿನ ತಂಡ ಅನ್ನೋದು ಒಂದು ಬಾಗಿಲು. ಅಲ್ಲಿ ಮಾತೃಭಾಷೆ ಯಾವುದು, ಆಡನಾಮ ಯಾವುದು ಅಂತ ಕೇಳೋದಿಲ್ಲ. ಒಂದು ಜೆರ್ಸಿ ಹಾಕ್ಕೊಂಡು ಕೂಗಿದರೆ ಮುಗೀತು, ನೀನು ನಮ್ಮವನು. 2011ರಲ್ಲಿ ಪುಣೆ ತಂಡದಲ್ಲಿ ಕೊಡಗಿನ ರಾಬಿನ್ ಉತ್ತಪ್ಪ ಇದ್ದ, ಕರ್ನಾಟಕಕ್ಕೆ ಆಡುವ ಮನೀಶ್ ಪಾಂಡೆ ಇದ್ದ. ನಮ್ಮ ಕಟ್ಟಡದ ಕೆಳಗಿನ ಮನೆಯ ಕಾಕಾ ಉತ್ತಪ್ಪನನ್ನು "ಆಪ್ಲಾ ಉತ್ತಪ್ಪಾ" ಅನ್ನುತ್ತಿದ್ದರು. ಮರಾಠಿಯಲ್ಲಿ 'ಆಪ್ಲಾ' ಅಂದರೆ ನಮ್ಮವನು, ನಿಮ್ಮನ್ನೂ ಸೇರಿಸಿಕೊಂಡ ನಮ್ಮವನು. ಇಪ್ಪತ್ತೈದು ವರ್ಷ ಬಾಡಿಗೆ-ಸ್ವಂತ ಮನೆ ಅಂತ ಇದ್ದರೂ ಆ ಶಬ್ದ ಅಷ್ಟು ಸಲೀಸಾಗಿ ಕಿವಿಗೆ ಬಿದ್ದಿರಲಿಲ್ಲ.

ನನ್ನ ಮಗ 2013ರ ಏಪ್ರಿಲ್ 23ರಂದು ಪುಣೆ ಜೆರ್ಸಿ ಹಾಕ್ಕೊಂಡು ಟಿವಿ ಮುಂದೆ ಕೂತಿದ್ದ. ನಾನು ಬೆಂಗಳೂರು ಪಕ್ಷ. ಚಿನ್ನಸ್ವಾಮಿಯಲ್ಲಿ ಕ್ರಿಸ್ ಗೇಲ್ 66 ಚೆಂಡಿಗೆ 175 ಬಾರಿಸಿದ, ತಂಡದ ಮೊತ್ತ 263. ಪುಣೆ 130 ರನ್ನಿಂದ ಸೋತಿತು. ಹುಡುಗ ಅತ್ತ. ನಾನು ನಕ್ಕೆ, ಅವರಮ್ಮ ಇಬ್ಬರಿಗೂ ಬೈದಳು. ಆದರೆ ಆ ಅಳುವಿನಲ್ಲಿ ಅವನು ಪುಣೆಯವನಾಗಿದ್ದ, ಪೂರ್ತಿ. ಒಂದು ತಿಂಗಳೊಳಗೆ ಆ ತಂಡ ಅಂಗಡಿ ಮುಚ್ಚಿತು. "ಅಪ್ಪಾ, ನಮ್ಮ ಟೀಮ್ ಯಾಕಿಲ್ಲ?" ಅಂದ. ಬ್ಯಾಂಕ್ ಗ್ಯಾರಂಟಿ ಅಂದರೇನು ಅಂತ ಆ ವಯಸ್ಸಿನವನಿಗೆ ಹೇಗೆ ಹೇಳೋದು? 2016ಕ್ಕೆ ಇನ್ನೊಂದು ಜೆರ್ಸಿ ಬಂತು. ಅದು ಈಗ ನಮ್ಮನೆಯಲ್ಲಿ ಸ್ಕೂಟರ್ ಒರೆಸುವ ಬಟ್ಟೆ.

ಬೆಂಗಳೂರಿನಲ್ಲಿ ಕೂತು ಇದನ್ನು ಓದುತ್ತಿರುವವರು ಬಹಳ ನಗಬೇಡಿ. ಆರ್‌ಸಿಬಿಯ ಮೊದಲೆರಡು ಅಕ್ಷರ ಬಂದದ್ದು ಒಂದು ವಿಸ್ಕಿಯ ಹೆಸರಿನಿಂದ. 2008ರಲ್ಲಿ ತಂಡ ಕೊಂಡ ಮಲ್ಯ 2016ರಲ್ಲಿ ದೇಶ ಬಿಟ್ಟರು, ತಂಡ ಅಷ್ಟರಲ್ಲಿ ಡಿಯಾಜಿಯೋ ಕೈ ಸೇರಿತ್ತು. ಊರಿನ ಹೆಸರು ಬೆಂಗಳೂರು ಅಂತ ಸರಿಯಾಗಿ ಬರೆಯೋಕೆ ಅವರಿಗೆ 2024 ಬೇಕಾಯಿತು. 2025ರ ಜೂನ್ 3ರಂದು ಹದಿನೆಂಟನೇ ಪ್ರಯತ್ನದಲ್ಲಿ ಕಪ್ ಬಂತು. ಮರುದಿನ ಚಿನ್ನಸ್ವಾಮಿಯ ಹೊರಗೆ ನೂಕುನುಗ್ಗಲಿನಲ್ಲಿ ಹನ್ನೊಂದು ಜನ ಸತ್ತರು. ಜೀವ ಕೊಟ್ಟದ್ದು ಊರಿನವರು. ಅದೇ ವರ್ಷ ನವೆಂಬರಿನಲ್ಲಿ ಮಾಲೀಕ ಕಂಪನಿ ತಂಡದಲ್ಲಿನ ತನ್ನ ಹೂಡಿಕೆಯ ಮರುಪರಿಶೀಲನೆ ಶುರುಮಾಡಿದ್ದೇವೆ ಅಂತ ಪ್ರಕಟಿಸಿತು. ಕಂಪನಿಗೆ ಅದು ಹೂಡಿಕೆ. ಊರಿಗೆ ಅದು ಹದಿನೆಂಟು ವರ್ಷ.

"ಸರಿ ಸ್ವಾಮಿ, ಏನು ಮಾಡಬೇಕು ಅಂತೀರಿ? ದುಡ್ಡು ಹಾಕುವವನು ಅವನು" ಅಂತೀರಾ? ಈ ಫ್ರಾಂಚೈಸಿ ಪದ್ಧತಿಯನ್ನು ನಮ್ಮವರು ತಂದದ್ದು ಅಮೆರಿಕದ ಮಾದರಿಯಿಂದ. ಹಾಗಾದರೆ ಪೂರ್ತಿ ಪಾಠ ಕಲಿಯೋಣ. ಸಿಯಾಟಲ್ ಅನ್ನುವ ಊರಿಗೆ 1969ರಲ್ಲಿ ಪೈಲಟ್ಸ್ ಅನ್ನುವ ಬೇಸ್‌ಬಾಲ್ ತಂಡ ಬಂತು. ಒಂದೇ ಹಂಗಾಮು, ದಿವಾಳಿ. 1970ರ ಹಂಗಾಮು ಶುರುವಾಗಲು ಕೆಲವೇ ದಿನ ಇರುವಾಗ ತಂಡವನ್ನು ಮಿಲ್ವಾಕಿಯವರಿಗೆ ಮಾರಿದರು, ಸಮವಸ್ತ್ರದ ಮೇಲಿನ ಹಳೆ ಅಕ್ಷರ ಕಿತ್ತು ಬ್ರೂವರ್ಸ್ ಅಂತ ಹೊಲಿದರು. ನಮ್ಮ ಪುಣೆ ಕತೆಯೇ! ಆದರೆ ಸಿಯಾಟಲ್‌ನವರು ಸುಮ್ಮನೆ ಕೂರಲಿಲ್ಲ. ಊರು, ಜಿಲ್ಲೆ, ರಾಜ್ಯ ಮೂರೂ ಸೇರಿ ಲೀಗಿನ ಮೇಲೆ ಮೊಕದ್ದಮೆ ಹೂಡಿದವು. ವರ್ಷಗಟ್ಟಲೆ ನಡೆದ ಮೊಕದ್ದಮೆ ರಾಜಿಯಲ್ಲಿ ಮುಗಿಯಿತು, 1977ರಲ್ಲಿ ಊರಿಗೆ ಹೊಸ ತಂಡ ಸಿಕ್ಕಿತು. ಅದೇ ಇವತ್ತಿನ ಮ್ಯಾರಿನರ್ಸ್.

ಇನ್ನೊಂದು ಕ್ಲೀವ್‌ಲ್ಯಾಂಡ್ ಊರಿನ ಕತೆ, ಅದು ಅಮೆರಿಕದವರ ಫುಟ್‌ಬಾಲ್. 1995ರಲ್ಲಿ ಮಾಲೀಕ ತಂಡವನ್ನು ಬಾಲ್ಟಿಮೋರಿಗೆ ಒಯ್ಯುತ್ತೇನೆ ಅಂದ. ಊರು ಕೋರ್ಟಿಗೆ ಹೋಯಿತು. 1996ರಲ್ಲಿ ಆದ ಒಪ್ಪಂದ ಹೀಗಿತ್ತು: ಆಟಗಾರರನ್ನು ಕರಕೊಂಡು ಹೋಗು, ಆದರೆ ಬ್ರೌನ್ಸ್ ಅನ್ನುವ ಹೆಸರು, ಬಣ್ಣ, ಹಳೆಯ ದಾಖಲೆ ಎಲ್ಲ ಊರಿಗೇ ಸೇರಿದ್ದು, ಇಲ್ಲೇ ಬಿಟ್ಟು ಹೋಗು. ಬಿಟ್ಟು ಹೋದ. 1999ರಲ್ಲಿ ಅದೇ ಹೆಸರಿನ ತಂಡ ಆ ಊರಿನಲ್ಲಿ ಮತ್ತೆ ಆಡಿತು. ಬಂಡವಾಳಶಾಹಿಗಳ ಕಾಶಿ ಅನ್ನಿಸಿಕೊಂಡ ದೇಶದಲ್ಲೇ ಊರಿನ ಹೆಸರಿಗೆ ಇಷ್ಟು ಬೆಲೆ ಇದೆ. ನಾವು ಅವರಿಂದ ಫ್ರಾಂಚೈಸಿ ಕಲಿತೆವು, ಚಿಯರ್‌ಲೀಡರ್ಸ್ ಕಲಿತೆವು, ಮೊಕದ್ದಮೆ ಹಾಕೋದು ಕಲಿಯಲಿಲ್ಲ.

ನಮ್ಮ ಊರುಗಳಲ್ಲಿ ತಾಸಿನ ಲೆಕ್ಕದಲ್ಲಿ ಸೈಕಲ್ ಬಾಡಿಗೆಗೆ ಕೊಡುತ್ತಿದ್ದ ಅಂಗಡಿಗಳು ನಿಮಗೆ ನೆನಪಿರಬಹುದು. ಪುಣೆಯಂತೂ ಒಂದು ಕಾಲಕ್ಕೆ ಸೈಕಲ್ಲಿನ ಊರು ಅಂತಲೇ ಹೆಸರಾಗಿತ್ತು. ಆ ಅಂಗಡಿಯವನು ಯಾರಿಗೂ ಸುಮ್ಮನೆ ಸೈಕಲ್ ಕೊಡುತ್ತಿರಲಿಲ್ಲ. ಪುಸ್ತಕದಲ್ಲಿ ಹೆಸರು ಬರೆಯುತ್ತಿದ್ದ, ಯಾರ ಮಗ ಅಂತ ಕೇಳುತ್ತಿದ್ದ, ಗುರುತಿನವರು ಯಾರು ಅನ್ನುತ್ತಿದ್ದ, ವಾಪಸ್ ತಂದಾಗ ಚಕ್ರ ತಿರುಗಿಸಿ ನೋಡುತ್ತಿದ್ದ. ಪುಣೆಯ ಹೆಸರಿಗೆ ಅಷ್ಟು ವಿಚಾರಣೆಯೂ ಇಲ್ಲ! ಖಡಕ್ ಮಾತಿನ ಪುಣೇರಿ ಪಾಟಿ ಅಂತ ಈ ಊರಿನ ಬೋರ್ಡುಗಳು ಪ್ರಸಿದ್ಧ. ಗಹುಂಜೆ ಗೇಟಿಗೆ ಒಂದು ಬರೆಸಬೇಕು: "ಇಲ್ಲಿ ಊರಿನ ಹೆಸರು ಬಾಡಿಗೆಗೆ ಸಿಗುತ್ತದೆ. ಠೇವಣಿ ಬೇಡ. ಊರಿನವರನ್ನು ಕೇಳುವ ಅಗತ್ಯವಿಲ್ಲ."

ಹಾಗಾಗಿ ನನ್ನ ಬೇಡಿಕೆ ನಾಲ್ಕೇ ನಾಲ್ಕು. ಮೊದಲನೆಯದು, ಹತ್ತು ವರ್ಷಕ್ಕಿಂತ ಕಡಿಮೆ ಗುತ್ತಿಗೆಗೆ ಊರಿನ ಹೆಸರು ಕೊಡಕೂಡದು. ಸ್ಟೆಪ್ನಿ ಬೇಕಿದ್ದರೆ ಕಂಪನಿಯ ಹೆಸರಿನಲ್ಲೇ ಆಡಿ. ಎರಡನೆಯದು, ಕರಾರಿಗೆ ಪಾಲಿಕೆಯೂ ಮಹಾರಾಷ್ಟ್ರ ಕ್ರಿಕೆಟ್ ಸಂಸ್ಥೆಯೂ ಸಹಿ ಹಾಕಬೇಕು, ಮುರಿದರೆ ಊರು ಕೋರ್ಟಿಗೆ ಹೋಗುವಂತಿರಬೇಕು. ಮೂರನೆಯದು, ಹೆಸರಿಗೆ ಠೇವಣಿ ಇಡಬೇಕು. ನಡುವೆ ಬಿಟ್ಟು ಓಡಿದರೆ ಆ ದುಡ್ಡು ಮಂಡಳಿಗಲ್ಲ, ಊರಿನ ಶಾಲೆಗಳ ಮತ್ತು ಪಾಲಿಕೆಯ ಆಟದ ಮೈದಾನಗಳಿಗೆ ಹೋಗಬೇಕು. ನಾಲ್ಕನೆಯದು, ಹೆಸರು, ಬಣ್ಣ, ದಾಖಲೆ ಊರಿನ ಸ್ವತ್ತು. ಮಾಲೀಕ ಹೋಗಬಹುದು, ಅವು ಹೋಗಕೂಡದು.

ಇಂಥ ಕರಾರು ಹಾಕಿದರೆ ಯಾರು ಬರ್ತಾರೆ ಅನ್ನುವವರಿಗೆ ಪುಣೇರಿ ಪಲ್ಟನ್ ತೋರಿಸುತ್ತೇನೆ. 2014ರಲ್ಲಿ ಶುರುವಾದ ಕಬಡ್ಡಿ ತಂಡ. ಮೊದಲ ಎರಡು ಹಂಗಾಮು ಪಟ್ಟಿಯ ತಳದಲ್ಲಿತ್ತು. ಆಗಲೇ ಅಂಗಡಿ ಮುಚ್ಚಬಹುದಿತ್ತು. ಮುಚ್ಚಲಿಲ್ಲ. ಹುಡುಗರನ್ನು ಬೆಳೆಸಿದರು, ಕಾದರು. 2024ರ ಮಾರ್ಚ್ 1ರಂದು ಹರಿಯಾಣವನ್ನು 28-25ರಿಂದ ಸೋಲಿಸಿ ಕಪ್ ಗೆದ್ದರು. ನಾಯಕ ಮಹಾರಾಷ್ಟ್ರದ ಅಸ್ಲಂ ಇನಾಮದಾರ್. ತರಬೇತುದಾರ ಯಾರು ಗೊತ್ತೇ? ನಮ್ಮ ಕರ್ನಾಟಕದ ಬಿ.ಸಿ. ರಮೇಶ್. ಆ ರಾತ್ರಿ ಕೆಳಗಿನ ಮನೆಯ ಕಾಕಾ ಬಾಗಿಲು ಬಡಿದು ಪೇಢೆ ಕೊಟ್ಟು, "ತುಮ್ಚಾ ರಮೇಶ್, ಆಪ್ಲೀ ಪಲ್ಟನ್" ಅಂದರು. ನಿಮ್ಮ ರಮೇಶ್, ನಮ್ಮೆಲ್ಲರ ಪಲ್ಟನ್. ಹತ್ತು ವರ್ಷ ನಿಂತ ತಂಡ ಸಂಪಾದಿಸಿದ ಮಾತು ಅದು. ಕೋಟಿ ಕೂಗಿ ಕೊಳ್ಳೋಕೆ ಬರೋದಿಲ್ಲ.

ಇವತ್ತಲ್ಲ ನಾಳೆ ಐಪಿಎಲ್‌ನಲ್ಲಿ ಮತ್ತೆ ಜಾಗ ಖಾಲಿಯಾಗುತ್ತೆ, ಮತ್ತೆ ಯಾರೋ ಪಟ್ಟಿಯ ಮೇಲೆ ಬೆರಳಾಡಿಸಿ ಪುಣೆ ಅಂತಾರೆ, ಮತ್ತೆ ಢೋಲ್-ತಾಶಾ ಬರುತ್ತೆ. ಪುಣೆಯಲ್ಲಿರುವ ಕನ್ನಡ ಬಂಧುಗಳಿಗೆ, ಮರಾಠಿ ಗೆಳೆಯರಿಗೆ ನನ್ನದು ಒಂದೇ ಮಾತು. ಜೆರ್ಸಿ ಕೊಳ್ಳುವ ಮೊದಲು ಕರಾರುಪತ್ರ ತೋರಿಸಿ ಅಂತ ಕೇಳಿ. ಎಷ್ಟು ವರ್ಷ ಇರ್ತೀರಿ, ಎಲ್ಲಿ ಆಡ್ತೀರಿ, ಹೋಗುವಾಗ ಏನು ಬಿಟ್ಟು ಹೋಗ್ತೀರಿ? ಮೂರಕ್ಕೂ ಉತ್ತರ ಸಿಕ್ಕ ದಿನ ನಾನೂ ದುಡ್ಡು ಬಿಚ್ಚುತ್ತೇನೆ. ಅಲ್ಲಿಯವರೆಗೆ ಸ್ಕೂಟರ್ ಒರೆಸೋಕೆ ಹಳೇ ಬನಿಯನ್ನೇ ಸಾಕು.